ಟೆಲಿಸ್ಕೋಪಲ್ಲಿ ಸೂರ್ಯನ್ನ ನೋಡೋ ಮುಂಚೆ: ಯಾವ ಫಿಲ್ಟರ್, ಯಾವ ಟ್ಯೂಬಿಗೆ, ಎಲ್ಲಿ ಹಾಕ್ಬೇಕು

ನಮ್ಮ ಚಿಕ್ಕಮ್ಮನ ಮಗ ಒಂದ್ಸಲ ರಜಕ್ಕೆ ಮೈಸೂರಿಗೆ ಬಂದಾಗ ಹಳೇ 60 ಎಂಎಂ ಟೆಲಿಸ್ಕೋಪ್ ಒಂದನ್ನ ಜೊತೆಗೆ ತಂದಿದ್ದ, ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟಿದ್ರಂತೆ. ಡಬ್ಬದೊಳಗೆ ಕಣ್ಣಿಟ್ಟು ನೋಡೋ ಲೆನ್ಸು, ಅಂದ್ರೆ ಐಪೀಸು ಎರಡು, ಒಂದು ಗಡಗಡ ಅನ್ನೋ ಟ್ರೈಪಾಡು, ಜೊತೆಗೆ ಎಂಟಾಣೆ ಅಗಲದ ಕಡು ಹಸಿರು ಗಾಜಿನ ಬಿಲ್ಲೆ, ಅಂಚಲ್ಲಿ ಸನ್ ಅಂತ ಕೆತ್ತಿತ್ತು. ಕಂಪನಿಯವರೇ ಕೊಟ್ಟಿದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ ಅಂತ ಐಪೀಸಿನ ಹಿಂದೆ ತಿರುಗಿಸಿ ಹಾಕಿ ಸರಸ್ವತಿಪುರಂ ಮನೆ ತಾರಸಿ ಮೇಲೆ ಸೂರ್ಯನ ಕಡೆ ತಿರುಗಿಸಿದ್ವಿ. ಹಸಿರು ಬಣ್ಣದ ದುಂಡು ಸೂರ್ಯ, ಮಧ್ಯ ಎರಡು ಚುಕ್ಕಿ, ನೋಡಿ ಖುಷಿಯಾಗಿ ನಾನು ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟೆ. ಅವನು ಕನ್ನಡಕ ತೆಗೆದು ಶರ್ಟಿನ ತುದೀಲಿ ಒರೆಸ್ತಾ ನಿಂತಿದ್ದ, ಅಷ್ಟರಲ್ಲಿ ಚಟ್ ಅಂತ ಒಂದು ಸಣ್ಣ ಸದ್ದು. ಏನಪ್ಪಾ ಅಂತ ನೋಡಿದ್ರೆ ಐಪೀಸಿಂದ ಅವನ ಬಿಳಿ ಶರ್ಟಿನ ಮೇಲೆ ಬೀಳ್ತಿದ್ದ ಹಸಿರು ಬೆಳಕಿನ ಮಧ್ಯ ಒಂದು ಬಿಳೀ ಗೆರೆ, ಕಣ್ಣು ಕೋರೈಸೋ ಹಂಗೆ. ಬಿಲ್ಲೆ ಅಂಚಿಂದ ನಡುವಿನ ತನಕ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಕನ್ನಡಕ ಒರೆಸೋದು ಹತ್ತು ಸೆಕೆಂಡ್ ಬೇಗ ಮುಗಿದಿದ್ರೆ ಆ ಗೆರೆ ಬೀಳ್ತಿದ್ದಿದ್ದು ಅವನ ಕಣ್ಣಿನ ಒಳಗೆ.

ಅವತ್ತಿಂದ ಯಾರೇ ಬಂದು ಟೆಲಿಸ್ಕೋಪ್ ತಗೊಂಡಿದೀನಿ, ಸೂರ್ಯನ್ನ ನೋಡೋಕೆ ಏನ್ ತಗೋಬೇಕು ಅಂತ ಕೇಳಿದ್ರೂ ನಾನು ಮೊದ್ಲು ಹೇಳೋದು ಒಂದೇ, ಬಿಸಿಲು ಟ್ಯೂಬಿನ ಒಳಗೆ ಹೋಗೋಕೆ ಮುಂಚೆ ಬಾಗಿಲಲ್ಲೇ ನಿಲ್ಲಬೇಕು. ಒಳಗೆ ಬಿಟ್ಕೊಂಡು ಆಮೇಲೆ ಕಣ್ಣಿನ ಹತ್ರ ತಡೀತೀನಿ ಅನ್ನೋ ಪುಟ್ಟ ಬಿಲ್ಲೆ ಯಾವುದೇ ಇರ್ಲಿ, ಎಷ್ಟೇ ಕಪ್ಪಗಿರ್ಲಿ, ಅದನ್ನ ಸುತ್ತಿಗೇಲಿ ಒಡೆದು ಕಸಕ್ಕೆ ಹಾಕಿ. ಬೇರೆಯವರಿಗೆ ಕೊಡಬೇಡಿ, ಡಬ್ಬದಲ್ಲಿ ಇಟ್ಟಿರಬೇಡಿ, ಯಾಕಂದ್ರೆ ಮುಂದೆ ಯಾವುದೋ ಮಗು ಅದನ್ನ ಹುಡುಕಿ ಹಾಕೇ ಹಾಕುತ್ತೆ.

ಯಾಕೆ ಅಂತ ಒಂದು ಲೆಕ್ಕ ಹೇಳ್ತೀನಿ. ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು 2 ಎಂಎಂಗೆ ಮುದುಡಿಕೊಂಡಿರುತ್ತೆ, 70 ಎಂಎಂ ಲೆನ್ಸು ಅಂದ್ರೆ ಅಗಲದಲ್ಲಿ ಅದರ 35 ಪಟ್ಟು, ವಿಸ್ತೀರ್ಣದಲ್ಲಿ 35 ಇಂಟು 35, ಅಂದ್ರೆ 1225 ಪಟ್ಟು ಬೆಳಕು ಬಾಚ್ಕೊಳುತ್ತೆ. ಆ ಬಿಸಿಲೆಲ್ಲಾ 700 ಎಂಎಂ ಫೋಕಲ್ ಲೆಂತ್ (ಲೆನ್ಸಿಂದ ಬಿಂಬ ಕೂಡೋ ಜಾಗಕ್ಕೆ ಇರೋ ದೂರ) ಇರೋ ಟ್ಯೂಬಲ್ಲಿ ಆರೂವರೆ ಎಂಎಂ ಅಗಲದ ಒಂದು ಸೂರ್ಯಬಿಂಬಕ್ಕೆ ಬಂದು ಸೇರುತ್ತೆ, ಕಡ್ಲೆಕಾಳಿನಷ್ಟು ಜಾಗ. ಆ ಹಸಿರು ಬಿಲ್ಲೆ ಕೂರೋದು ಅದರ ಹತ್ರಾನೇ. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದ ಥರ ಅದು ಒಡೆಯದೇ ಇದ್ರೇ ಆಶ್ಚರ್ಯ. ಕಣ್ಣಿನ ಕಥೆ ಇನ್ನೂ ಕೆಟ್ಟದು, ರೆಟಿನಾದಲ್ಲಿ ನೋವು ಗೊತ್ತಾಗೋ ನರಗಳೇ ಇಲ್ಲ, ಸುಟ್ಟರೂ ಉರಿಯಲ್ಲ, ಕೆಲವು ಗಂಟೆ ಆದ್ಮೇಲೆ ಪೇಪರ್ ಓದೋಕೆ ಕೂತಾಗ ಅಕ್ಷರದ ಮಧ್ಯ ಒಂದು ಮಸುಕು ಮಚ್ಚೆ ಕಾಣೋಕೆ ಶುರುವಾಗುತ್ತೆ, ಅದು ಹೋಗಬಹುದು, ಹೋಗದೇನೂ ಇರಬಹುದು.

ಈಗ ಏನ್ ತಗೋಬೇಕು ಅನ್ನೋದಕ್ಕೆ ಬರೋಣ. ಇದು ನಿಮ್ಮ ಹತ್ರ ಇರೋ ಟೆಲಿಸ್ಕೋಪ್ ಯಾವ ಥರದ್ದು ಅನ್ನೋದರ ಮೇಲೆ ನಿಂತಿದೆ. ಮುಂದೆ ಲೆನ್ಸು ಇದ್ದು ಹಿಂದಿಂದ ನೋಡೋದಾದ್ರೆ ರಿಫ್ರಾಕ್ಟರ್. ಒಳಗೆ ದೊಡ್ಡ ಕನ್ನಡಿ ಇದ್ದು ಪಕ್ಕದಿಂದ ನೋಡೋದಾದ್ರೆ ನ್ಯೂಟೋನಿಯನ್, ಮರದ ಪೆಟ್ಟಿಗೆ ಮೇಲೆ ಕೂರೋ ಡಾಬ್ಸೋನಿಯನ್ ಕೂಡ ಇದೇ ಜಾತಿ. ಗಿಡ್ಡ ದಪ್ಪ ಟ್ಯೂಬು, ಮುಂದೆ ಗಾಜು, ಒಳಗೆ ಕನ್ನಡಿ, ಹಿಂದಿಂದ ನೋಡೋದು ಅಂದ್ರೆ ಷ್ಮಿಟ್ ಕ್ಯಾಸೆಗ್ರೇನ್ ಅಥವಾ ಮ್ಯಾಕ್ಸುಟೋವ್. ಮೂರಕ್ಕೂ ಆಗೋ ಸಾಮಾನು ಒಂದೇ ಒಂದು, ಟ್ಯೂಬಿನ ಮುಂದಿನ ಬಾಯಿಗೆ ಹಾಕೋ ಫಿಲ್ಟರ್. ಬೇರೆ ಎಲ್ಲದಕ್ಕೂ ಷರತ್ತು ಇದೆ. ಅದಕ್ಕೇ ಮೊದಲ ಸಲ ದುಡ್ಡು ಹಾಕೋರು ಅದಕ್ಕೇ ಹಾಕಿ ಅಂತ ನಾನು ಹೇಳೋದು.

ಬಾಯಿಗೆ ಹಾಕೋ ಫಿಲ್ಟರಲ್ಲಿ ಎರಡು ಥರ, ಹಾಳೆ ಮತ್ತೆ ಗಾಜು. ಹಾಳೆಯಲ್ಲಿ ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಫಿಲ್ಮ್ ಜಾಸ್ತಿ ಜನ ಬಳಸೋದು, ಬೆಳ್ಳಿ ಹಾಳೆ ಥರ ಹೊಳೆಯುತ್ತೆ, ಎ4 ಸೈಜಲ್ಲೂ ಸಿಗುತ್ತೆ. ಇಲ್ಲಿ ಒಂದು ಅಂಕಿ ಬಾಯಿಪಾಠ ಮಾಡ್ಕೊಳಿ, ಓಡಿ 5. ಓಡಿ ಅಂದ್ರೆ ಆಪ್ಟಿಕಲ್ ಡೆನ್ಸಿಟಿ, 5 ಅಂದ್ರೆ ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬಿಡುತ್ತೆ ಅಂತ. ಅದೇ ಕಂಪನಿದು ಓಡಿ 3.8 ಅಂತ ಇನ್ನೊಂದು ಹಾಳೆ ಇದೆ, ನೋಡೋಕೆ ಎರಡೂ ಒಂದೇ ಥರ, ಆದ್ರೆ ಅದು ಕ್ಯಾಮೆರಾಗೆ ಮಾತ್ರ, 5ಕ್ಕಿಂತ ಹತ್ತಿರ ಹತ್ತಿರ 16 ಪಟ್ಟು ಜಾಸ್ತಿ ಬೆಳಕು ಬಿಡುತ್ತೆ, ಕಣ್ಣಿಗೆ ಸಲ್ಲದು. ಆರ್ಡರ್ ಮಾಡುವಾಗ ಈ ಅಂಕಿ ನೋಡದೇ ಮಾಡಬೇಡಿ, ಕವರ್ ಬಂದ ಮೇಲೆ ಇನ್ನೊಂದ್ಸಲ ನೋಡಿ, ನೋಡಿ ಆ ಕವರನ್ನ ಬಿಸಾಕದೇ ಹಾಳೆ ಜೊತೆಗೇ ಇಟ್ಕೊಳಿ, ಎರಡು ವರ್ಷ ಆದ್ಮೇಲೆ ಇದು 5ಓ 3.8ಓ ಅಂತ ಅನುಮಾನ ಬಂದ್ರೆ ಕೈಯಲ್ಲಿ ಹಿಡಿದು ಹೇಳೋಕೆ ಆಗಲ್ಲ.

ಬಣ್ಣದ ಬಗ್ಗೆ ತಲೆ ಕೆಡಿಸ್ಕೋಬೇಡಿ. ಬಾಡರ್ ಹಾಳೇಲಿ ಸೂರ್ಯ ಬೆಳ್ಳಗೆ, ಸ್ವಲ್ಪ ನೀಲಿ ಛಾಯೆ ಇರೋ ಹಾಗೆ ಕಾಣ್ತಾನೆ. ಥೌಸಂಡ್ ಓಕ್ಸ್ ಕಂಪನಿಯ ಕಪ್ಪು ಪಾಲಿಮರ್ ಹಾಳೇಲಿ ಕಿತ್ತಳೆ ಬಣ್ಣ. ಸುಮಾರು ಜನಕ್ಕೆ ಕಿತ್ತಳೆನೇ ಇಷ್ಟ, ಸೂರ್ಯ ಅಂದ್ರೆ ಹಂಗೇ ಇರಬೇಕು ಅನ್ಸುತ್ತೆ. ಆದ್ರೆ ಸೂರ್ಯನ ಮೇಲಿನ ಕಪ್ಪು ಕಲೆಗಳ ಸುತ್ತಲಿನ ನವಿರು, ಅಂಚಿನ ಹತ್ರ ಬೆಳ್ಳಗೆ ಮಿಂಚೋ ತೇಪೆಗಳು ಬೇಕು ಅಂದ್ರೆ ನನ್ನ ಓಟು ಬಿಳಿಗೇ. ಗಾಜಿನ ಫಿಲ್ಟರ್ ಗಟ್ಟಿಮುಟ್ಟು, ಮಕ್ಕಳು ಮುಟ್ಟೋ ಕಡೆ ಧೈರ್ಯ ಜಾಸ್ತಿ, ಆದ್ರೆ ಕಡಿಮೆ ಬೆಲೆಯ ಗಾಜು ಸಮತಟ್ಟಾಗಿರಲ್ಲ, ಬಿಂಬ ಮೆದುವಾಗುತ್ತೆ. ಒಳ್ಳೇ ಹಾಳೆ ಕಡಿಮೆ ದುಡ್ಡಲ್ಲಿ ಹೆಚ್ಚು ತೋರಿಸುತ್ತೆ, ಕೆಲವೇ ಸಾವಿರದ ಮಾತು.

ಅಳತೆ ವಿಷಯದಲ್ಲಿ ಎಡವೋರೇ ಜಾಸ್ತಿ. ನನ್ನದು 70 ಎಂಎಂ ಟೆಲಿಸ್ಕೋಪು ಅಂತ 70 ಎಂಎಂ ಫಿಲ್ಟರ್ ತರಿಸಿದ್ರೆ ಅದು ಟ್ಯೂಬಿಗೆ ಕೂರೋದೇ ಇಲ್ಲ. 70 ಅನ್ನೋದು ಲೆನ್ಸಿನ ಅಳತೆ, ಫಿಲ್ಟರ್ ಕೂರೋದು ಅದರ ಮುಂದೆ ಇರೋ ಅಗಲವಾದ ಹುಡ್ ಮೇಲೆ, ಅದರ ಹೊರಗಿನ ಅಳತೆ ಬೇಕು. ಒಂದು ದಾರ ತಗೊಂಡು ಬಾಯಿ ಸುತ್ತ ಒಂದು ಸುತ್ತು ಬಿಗಿಯಾಗಿ ಸುತ್ತಿ, ಆ ದಾರದ ಉದ್ದನ 3.14ರಿಂದ ಭಾಗಿಸಿ, ಅಡ್ಡಳತೆ ಬಂತು. ಟೈಲರ್ ಟೇಪ್ ಇದ್ರೆ ಇನ್ನೂ ಸುಲಭ.

ರೆಡಿ ಕ್ಯಾಪ್ ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ಮನೇಲೇ ಮಾಡ್ಬಹುದು, ನಾನು ಮಾಡ್ಕೊಂಡಿರೋದೂ ಹಂಗೇ. ಬೈಂಡಿಂಗ್ ರಟ್ಟಲ್ಲಿ ಎರಡು ಬಳೆ ಕತ್ತರಿಸಿ, ಒಳಗಿನ ತೂತು ಲೆನ್ಸಿನಷ್ಟು, ಹೊರ ಅಂಚು ಹುಡ್‌ಗಿಂತ ಎರಡು ಬೆರಳು ದೊಡ್ಡದು. ಆಮೇಲೆ ದಪ್ಪ ಕಾಗದದ ಪಟ್ಟಿನ ಹುಡ್ ಸುತ್ತ ನಾಲ್ಕೈದು ಸುತ್ತು ಸುತ್ತಿ ಅಂಟಿಸಿ ಕೊಳವೆ ಮಾಡಿ. ಮದುವೆ ಪತ್ರಿಕೆ ಕಾಗದ ಇದಕ್ಕೆ ತುಂಬಾ ಚೆನ್ನಾಗಿದೆ, ನಮ್ಮನೇಲಿ ಬೇಕಾದಷ್ಟು ಬಿದ್ದಿರುತ್ತೆ. ಕೊಳವೆ ಎಷ್ಟು ಬಿಗಿ ಅಂದ್ರೆ ಹಾಕುವಾಗ ಸ್ವಲ್ಪ ಒತ್ತಬೇಕು, ತಲೆಕೆಳಗು ಹಿಡಿದು ಅಲ್ಲಾಡಿಸಿದ್ರೂ ಬೀಳಬಾರದು. ಹಾಳೆನ ಟೇಬಲ್ ಮೇಲೆ ಅದರದೇ ಟಿಶ್ಯೂ ಕಾಗದದ ಮೇಲೆ ಹರಡಿ, ಒಂದು ಬಳೆಗೆ ಡಬಲ್ ಸೈಡ್ ಟೇಪ್ ಹಚ್ಚಿ ಮೆಲ್ಲಗೆ ಅದರ ಮೇಲೆ ಇಳಿಸಿ, ಎಳೀಬೇಡಿ. ಡೋಲಿನ ಚರ್ಮದ ಥರ ಬಿಗಿ ಮಾಡಬೇಕು ಅನ್ಸುತ್ತೆ, ಮಾಡಬಾರದು, ಎಳೆದ್ರೆ ಬಿಂಬ ಕೆಡುತ್ತೆ, ಹಾಳೇಲಿ ಅಲ್ಲಲ್ಲಿ ಸುಕ್ಕು ಇದ್ರೂ ಸೂರ್ಯ ಚೊಕ್ಕವಾಗೇ ಕಾಣ್ತಾನೆ. ನಾನು ಮೊದಲ ಸಲ ಚೆನ್ನಾಗಿ ಕಾಣ್ಲಿ ಅಂತ ಬಿಗಿದು ಅಂಟಿಸಿ ಅರ್ಧ ಹಾಳೆ ದಂಡ ಆಯ್ತು. ಆಮೇಲೆ ಇನ್ನೊಂದು ಬಳೆ ಮೇಲಿಂದ ಅಂಟಿಸಿ ಹಾಳೆನ ಮಧ್ಯ ಸೇರಿಸಿ, ಇದನ್ನ ಕೊಳವೆಗೆ ಬೆಳಕು ನುಸುಳದ ಹಾಗೆ ಸುತ್ತಲೂ ಅಂಟಿಸಿ.

ಪ್ರತೀ ಸಲ ಹಾಕೋಕೆ ಮುಂಚೆ ಫಿಲ್ಟರನ್ನ ಒಂದು ಜೋರು ಎಲ್‌ಇಡಿ ಬಲ್ಬಿನ ಮುಂದೆ ಹಿಡಿದು ನೋಡಿ. ಒಂದೇ ಒಂದು ಸೂಜಿಮೊನೆ ತೂತಲ್ಲಿ ಬೆಳಕು ಚುಚ್ಚಿದ್ರೂ, ಗೀರು ಕಂಡ್ರೂ, ಮಡಿಕೆ ಬಿದ್ದಲ್ಲಿ ಬೆಳ್ಳಿ ಉದುರಿದ್ರೂ ಆ ಹಾಳೆ ಮುಗೀತು, ಹೊಸದು ಅಂಟಿಸಿ. ನಾನು ಇಡೋದು ಮೈಸೂರ್‌ಪಾಕ್ ಬಂದಿದ್ದ ಗಟ್ಟಿ ಡಬ್ಬದಲ್ಲಿ, ಚೆನ್ನಾಗಿ ಒರೆಸಿ ಎಣ್ಣೆ ಪಸೆ ಎಲ್ಲಾ ಹೋದ ಮೇಲೆ, ಜೊತೆಗೆ ಎರಡು ಸಿಲಿಕಾ ಜೆಲ್ ಪುಡಿಕೆ. ಹಾಳೆ ಮೇಲೆ ಧೂಳು ಕೂತ್ರೆ ಊದಿ ಬಿಡಿ ಸಾಕು, ಬಟ್ಟೇಲಿ ಉಜ್ಜಬೇಡಿ.

ಹಾಕಿದ ಮೇಲೆ ಟೇಪ್. ಇದನ್ನ ಒತ್ತಿ ಹೇಳ್ತೀನಿ. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೆಂಗ್ ಬೀಸುತ್ತೆ ಅಂತ ಎಲ್ರಿಗೂ ಗೊತ್ತು, ಒಣಗಾಕಿದ ಬೆಡ್‌ಶೀಟ್ ಪಕ್ಕದ ಬೀದಿಗೆ ಹೋಗುತ್ತೆ, ರಟ್ಟಿನ ಕ್ಯಾಪ್ ಯಾವ ಲೆಕ್ಕ. ಯಾರೋ ಕಣ್ಣಿಟ್ಟು ನೋಡ್ತಿರುವಾಗ ಕ್ಯಾಪ್ ಹಾರಿದ್ರೆ ರೆಪ್ಪೆ ಮುಚ್ಚೋಕೂ ಟೈಮ್ ಸಿಗಲ್ಲ. ಮೂರು ಕಡೆ ಅಗಲವಾದ ಟೇಪ್ ಹಾಕಿ ಟ್ಯೂಬಿಗೇ ಅಂಟಿಸಿಬಿಡಿ, ತೆಗೆಯೋದು ಟ್ಯೂಬು ಸೂರ್ಯನಿಂದ ಬೇರೆ ಕಡೆ ತಿರುಗಿದ ಮೇಲೆ.

ಫೈಂಡರ್ ಮರೆಯೋರು ಬಹಳ ಜನ. ದೊಡ್ಡ ಟ್ಯೂಬಿಗೆ ಫಿಲ್ಟರ್ ಹಾಕಿ ಪಕ್ಕದಲ್ಲಿ ಗುರಿ ಹಿಡಿಯೋಕೆ ಇರೋ ಆ ಪುಟ್ಟ ಫೈಂಡರ್ ಟೆಲಿಸ್ಕೋಪು ಬಾಯಿ ತೆರೆದುಕೊಂಡು ಹಂಗೇ ಕೂತಿರುತ್ತೆ, ಅಭ್ಯಾಸಬಲದಿಂದ ಯಾರಾದ್ರೂ ಅದರಲ್ಲಿ ಇಣುಕಿದ್ರೆ ಮುಗೀತು. ಇಣುಕದೇ ಇದ್ರೂ ಒಳಗಿನ ಕ್ರಾಸ್‌ಹೇರ್ ಸುಡುತ್ತೆ, ಹಿಂದಿಂದ ಬರೋ ಬೆಳಕು ಕೆನ್ನೆಗೋ ಕೂದಲಿಗೋ ತಾಗುತ್ತೆ. ಬಿಚ್ಚಿ ಮನೆ ಒಳಗೇ ಇಟ್ಟು ಬನ್ನಿ. ಅದಿಲ್ದೇ ಸೂರ್ಯ ಸಿಗೋದು ಹೆಂಗೆ ಅಂದ್ರೆ ನೆರಳು ನೋಡಿ, ಟ್ಯೂಬಿನ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿರುತ್ತೆ, ಅಲ್ಲಾಡಿಸ್ತಾ ಹೋದ್ರೆ ಗಿಡ್ಡ ಆಗ್ತಾ ಆಗ್ತಾ ಒಂದು ದುಂಡು ವೃತ್ತ ಆಗುತ್ತೆ, ಆಗ ಸೂರ್ಯ ಐಪೀಸಲ್ಲಿ ಬಂದೇ ಬಂದಿರ್ತಾನೆ. ಸೂಜಿತೂತಿಂದ ಚುಕ್ಕಿ ಬೀಳಿಸೋ ಸೋಲಾರ್ ಫೈಂಡರ್ ಅಂತಾನೂ ಸಿಗುತ್ತೆ, ಅದು ಅನುಕೂಲಕ್ಕೆ, ಬೇಕೇ ಬೇಕು ಅಂತಿಲ್ಲ.

ಡಾಬ್ಸೋನಿಯನ್ ಇರೋರಿಗೆ ಒಂದು ಬೇರೆ ಮಾತು. ಅದರ ಪ್ಲಾಸ್ಟಿಕ್ ಮುಚ್ಚಳದಲ್ಲಿ ಒಂದು ಪುಟ್ಟ ಮುಚ್ಚಳ ಇರುತ್ತೆ, ಅದನ್ನ ತೆಗೆದ್ರೆ ಐದಾರು ಸೆಂಟಿಮೀಟರ್ ತೂತು. ಸೂರ್ಯನ್ನ ನೋಡೋಕೇ ಅಂತ ಕೊಟ್ಟಿರೋ ತೂತು ಅದು ಅಂತ ತಿಳ್ಕೊಂಡು ಬರೀ ತೂತಿಂದ ನೋಡೋಕೆ ಹೊರಟೋರನ್ನ ನಾನೇ ತಡೆದಿದೀನಿ. ತೂತು ಸಣ್ಣದಾದ ತಕ್ಷಣ ಬಿಸಿಲು ತಂಪಾಗಲ್ಲ, 50 ಎಂಎಂ ತೂತು ಅಂದ್ರೂ ಕಣ್ಣಿನ ಪಾಪೆಯ 625 ಪಟ್ಟು. ಆದ್ರೆ ಆ ತೂತಿಗೆ ಒಳಗಡೆಯಿಂದ ಓಡಿ 5 ಹಾಳೆ ಅಂಟಿಸಿ, ದೊಡ್ಡ ಮುಚ್ಚಳನ ಟೇಪ್ ಹಾಕಿ ಕೂರಿಸಿದ್ರೆ ಒಳ್ಳೇ ಫಿಲ್ಟರ್ ಆಗುತ್ತೆ, 8 ಇಂಚಿನ ಕನ್ನಡಿಗೆ ಪೂರ್ತಿ ಹಾಳೆ ಹಾಕೋ ಖರ್ಚೂ ಉಳಿಯುತ್ತೆ. ಹಗಲಲ್ಲಿ ಗಾಳಿ ಕುದೀತಿರೋದರಿಂದ 8 ಇಂಚಿನ ಪೂರ್ತಿ ಲಾಭ ಸಿಗೋ ದಿನ ಕಡಿಮೆನೇ. ಕನ್ನಡಿ ಟೆಲಿಸ್ಕೋಪನ್ನ ಮುಚ್ಚಳ ಇಲ್ದೇ ಕಿಟಕಿ ಪಕ್ಕ ಬಿಸಿಲು ಬೀಳೋ ಕಡೆ ನಿಲ್ಲಿಸಿ ಕೆಲಸಕ್ಕೆ ಹೋಗಬೇಡಿ ಅನ್ನೋದನ್ನೂ ಇಲ್ಲೇ ಸೇರಿಸ್ತೀನಿ, ಪರದೆಗೆ ಬೆಂಕಿ ಹತ್ತೋಕೆ ಅಷ್ಟು ಸಾಕು.

ಹರ್ಷೆಲ್ ವೆಡ್ಜ್ ಅಂತ ಇನ್ನೊಂದು ಸಾಮಾನಿದೆ, ರಿಫ್ರಾಕ್ಟರ್ ಇರೋರಿಗೆ ಮಾತ್ರ. ನಾನು ಬಾಗಿಲಲ್ಲೇ ನಿಲ್ಲಿಸಿ ಅಂದಿದ್ದಕ್ಕೆ ಇದು ಅಪವಾದ, ಆದ್ರೆ ಬಿಸಿಲನ್ನ ಹೆಂಗೆ ಹೊರಗೆ ಕಳಿಸ್ತಾರೆ ಅನ್ನೋದು ಗೊತ್ತಿದ್ದು ಮಾಡಿರೋ ಸಾಮಾನು. ಒಳಗೆ ಓರೆಯಾಗಿ ಕತ್ತರಿಸಿದ ಗಾಜು ಇರುತ್ತೆ, ಅದರ ಮೇಲ್ಮೈ ನೂರಕ್ಕೆ ಸುಮಾರು 5 ಪಾಲು ಬೆಳಕನ್ನ ಮಾತ್ರ ಐಪೀಸ್ ಕಡೆ ತಿರುಗಿಸುತ್ತೆ, ಮಿಕ್ಕಿದ್ದು ಹಿಂದಕ್ಕೆ ಹೋಗಿ ಶಾಖವಾಗಿ ಕಳೆದುಹೋಗುತ್ತೆ. ಆ 5 ಪಾಲೂ ಕಣ್ಣಿಗೆ ಜಾಸ್ತಿನೇ, ಅದಕ್ಕೆ ಜೊತೆಗೆ ಸಾವಿರದಲ್ಲಿ ಒಂದು ಪಾಲು ಬಿಡೋ ಎನ್‌ಡಿ 3 ಫಿಲ್ಟರ್ ಇರಲೇಬೇಕು, ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಆ ಫಿಲ್ಟರ್ ಒಳಗೆ ಇದೆಯಾ ಅಂತ ಬಿಚ್ಚಿ ನೋಡಿ. ಇದರಲ್ಲಿ ಬಿಂಬ ಹಾಳೆಗಿಂತ ಚೂಪು, ಗಾಳಿ ನಿಂತಿರೋ ಬೆಳಿಗ್ಗೆ ಸೂರ್ಯನ ಮೈ ಮೇಲಿನ ಅಕ್ಕಿಕಾಳು ಥರದ ಹರಳು ಹರಳು ಕಾಣುತ್ತೆ, ಒಂದೊಂದು ಹರಳೂ ಸಾವಿರ ಕಿಲೋಮೀಟರ್ ಮೇಲ್ಪಟ್ಟು ಅಗಲ. ಕನ್ನಡಿ ಇರೋ ಯಾವ ಟೆಲಿಸ್ಕೋಪಿಗೂ ಇದನ್ನ ಹಾಕಬೇಡಿ, ಟ್ಯೂಬಿನ ಹಿಂಭಾಗದಲ್ಲಿ ಇನ್ನೊಂದು ಜೊತೆ ಲೆನ್ಸ್ ಇರೋ ಪೆಟ್ಜ್ವಲ್ ರಿಫ್ರಾಕ್ಟರಿಗೂ ಬೇಡ, ಒಳಗಿನ ಸಾಮಾನು ಬೆಂದುಹೋಗುತ್ತೆ.

ಬಿಳಿ ಬೆಳಕಲ್ಲಿ ಕಲೆಗಳನ್ನ ನೋಡಿ ನೋಡಿ ಆಸೆ ಹೆಚ್ಚಾದೋರು ಹೈಡ್ರೋಜನ್ ಆಲ್ಫಾ ಕಡೆ ಹೋಗ್ತಾರೆ. 656.28 ನ್ಯಾನೋಮೀಟರ್ ಅನ್ನೋ ಒಂದೇ ಕೆಂಪು ಬಣ್ಣ, ಅದರ ಅಕ್ಕಪಕ್ಕದ್ದೆಲ್ಲಾ ಕತ್ತರಿಸಿ ಬಿಡೋ ಫಿಲ್ಟರ್, ಬಿಡೋ ಅಗಲ ಒಂದು ಆಂಗ್‌ಸ್ಟ್ರಮ್‌ಗಿಂತ (ನ್ಯಾನೋಮೀಟರಿನ ಹತ್ತರಲ್ಲಿ ಒಂದು ಪಾಲು) ಕಡಿಮೆ, ಹೆಚ್ಚಂದ್ರೆ ಒಂದು. ಸೂರ್ಯನ ಅಂಚಲ್ಲಿ ಜ್ವಾಲೆಗಳು ಎದ್ದು ಬಾಗಿ ಬೀಳೋದು ಅರ್ಧ ಗಂಟೇಲಿ ಆಕಾರ ಬದಲಾಗಿರೋದು ಕಣ್ಣಾರೆ ಕಾಣುತ್ತೆ. ಲಂಟ್ ಥರದ ಕಂಪನಿಯವರು ಇದಕ್ಕೇ ಅಂತ ಪೂರ್ತಿ ಟೆಲಿಸ್ಕೋಪ್ ಮಾಡ್ತಾರೆ, 40 ಎಂಎಂದೇ ಸಾಕಷ್ಟು ತೋರಿಸುತ್ತೆ, ಅದರಲ್ಲಿ ರಾತ್ರಿ ನಕ್ಷತ್ರ ನೋಡೋಕಾಗಲ್ಲ ಮಾತ್ರ. ಇರೋ ರಿಫ್ರಾಕ್ಟರಿಗೆ ಐಪೀಸ್ ಥರ ಸೇರಿಸೋ ಡೇಸ್ಟಾರ್ ಕ್ವಾರ್ಕ್ ಅಂತಾನೂ ಇದೆ, ಟ್ಯೂಬು ದೊಡ್ಡದಾದಷ್ಟೂ ಮುಂದೆ ಶಾಖ ತಡೆಯೋ ಫಿಲ್ಟರ್ ಬೇರೆ ಬೇಕು, ಕಂಪನಿ ಕೈಪಿಡಿ ಏನ್ ಹೇಳುತ್ತೋ ಅದನ್ನ ಅಕ್ಷರಶಃ ಪಾಲಿಸಿ. ಹಣ ಜಾಸ್ತಿ ಬೇಕು, ಲಕ್ಷದ ಲೆಕ್ಕ ಇಟ್ಕೊಳಿ. ಹಳೇದು ತಗೊಳ್ಳೋರು ಒಳಗಿನ ಫಿಲ್ಟರ್ ಮಂಕಾಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ವರ್ಷಗಳು ಕಳೆದ ಹಾಗೆ ತೇವಕ್ಕೆ ಮಂಕಾಗೋದು ಇದರಲ್ಲಿ ಇದ್ದಿದ್ದೇ.

ಇಲ್ಲೇ ಒಂದು ದೊಡ್ಡ ಹೊಂಡ ಇದೆ, ದಯವಿಟ್ಟು ಗಮನ ಕೊಡಿ. ರಾತ್ರಿ ನೆಬ್ಯುಲಾ, ಅಂದ್ರೆ ಆಕಾಶದ ಅನಿಲ ಮೋಡಗಳ ಫೋಟೋ ತೆಗೆಯೋಕೆ ಅಂತ ಹೈಡ್ರೋಜನ್ ಆಲ್ಫಾ ಹೆಸರಿಂದಲೇ ಕಡಿಮೆ ಬೆಲೆಗೆ ಫಿಲ್ಟರ್ ಬರುತ್ತೆ, 7 ನ್ಯಾನೋಮೀಟರ್, 12 ನ್ಯಾನೋಮೀಟರ್ ಅಂತ. 7 ನ್ಯಾನೋಮೀಟರ್ ಅಂದ್ರೆ 70 ಆಂಗ್‌ಸ್ಟ್ರಮ್. ಹೆಸರು ಒಂದೇ, ಕೆಲಸ ಬೇರೆ, ಅದನ್ನ ಸೂರ್ಯನಿಗೆ ಹಾಕಿ ನೋಡಿದ್ರೆ ಕಣ್ಣು ಹೋಗುತ್ತೆ. ಚಂದ್ರನಿಗೆ ಹಾಕೋ ಮೂನ್ ಫಿಲ್ಟರ್, ಪೋಲರೈಸರ್ ಇವೂ ಅಷ್ಟೇ. ಗ್ರಹಣದ ಕನ್ನಡಕಕ್ಕೆ ಐಎಸ್‌ಒ 12312-2 ಅಂತ ಗುರುತು ಇರುತ್ತೆ, ಅದು ಬರಿಗಣ್ಣಿಗೆ ಮಾತ್ರ, ಕನ್ನಡಕ ಹಾಕ್ಕೊಂಡು ಟೆಲಿಸ್ಕೋಪಲ್ಲೋ ಬೈನಾಕ್ಯುಲರಲ್ಲೋ ನೋಡಿದ್ರೆ ಗುಂಪಾಗಿ ಬರೋ ಬಿಸಿಲು ಆ ಹಾಳೆನೇ ಸುಟ್ಟುಬಿಡುತ್ತೆ. ವೆಲ್ಡಿಂಗ್ ಗಾಜು 14ನೇ ನಂಬರ್ ಬರಿಗಣ್ಣಿಗೆ ನಡೆಯುತ್ತೆ, ಟೆಲಿಸ್ಕೋಪಿಗೆ ಬೇಡ. ಎಕ್ಸ್‌ರೇ ಫಿಲ್ಮ್, ಸಿಡಿ, ಮಸಿ ಹಿಡಿಸಿದ ಗಾಜು, ಚಿಪ್ಸ್ ಪ್ಯಾಕೆಟ್ಟಿನ ಬೆಳ್ಳಿ ಹಾಳೆ, ಇವು ಯಾವುದಕ್ಕೂ ಬೇಡ, ಕಪ್ಪಗೆ ಕಂಡ ಮಾತ್ರಕ್ಕೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ನಿಂತಿದೆ ಅಂತ ಅರ್ಥ ಅಲ್ಲ.

ಕಾಗದದ ಮೇಲೆ ಬಿಂಬ ಬೀಳಿಸೋದು ಹಳೇ ದಾರಿ, ಹತ್ತಾರು ಜನ ಒಟ್ಟಿಗೆ ನೋಡಬಹುದು ಅನ್ನೋದು ಅದರ ಚೆಂದ. ನಮ್ಮಜ್ಜಿ ಕಾಲದಲ್ಲಿ ಗ್ರಹಣ ಅಂದ್ರೆ ತಟ್ಟೇಲಿ ನೀರು ಹಾಕಿ ಒನಕೆ ನಿಲ್ಲಿಸೋರು, ಅಂಗಳದಲ್ಲಿ ಸಗಣಿ ನೀರಲ್ಲಿ ಸೂರ್ಯನ ನೆರಳು ನೋಡೋರು, ನೇರವಾಗಿ ನೋಡಬಾರದು ಅನ್ನೋ ಎಚ್ಚರ ಅದರಲ್ಲಿತ್ತು, ನೀರಲ್ಲಿ ಕಂಡ ಸೂರ್ಯನೂ ಕಣ್ಣಿಗೆ ಪ್ರಖರವೇ ಅನ್ನೋದು ಬೇರೆ ವಿಷಯ. ಟೆಲಿಸ್ಕೋಪಿಂದ ಬೀಳಿಸೋದಾದ್ರೆ ಸಣ್ಣ ರಿಫ್ರಾಕ್ಟರ್ ಮಾತ್ರ, ಲೆನ್ಸನ್ನ 50 ಎಂಎಂ ತೂತಿನ ರಟ್ಟಿಂದ ಮುಚ್ಚಿ, ಐಪೀಸು ಪ್ಲಾಸ್ಟಿಕ್ ಇದ್ರೆ ಕರಗುತ್ತೆ, ಒಳಗೆ ಗಾಜುಗಳನ್ನ ಅಂಟಿಸಿರೋ ದುಬಾರಿ ಐಪೀಸೂ ಹಾಳಾಗುತ್ತೆ, ಹಳೇ ಹೈಗೆನ್ಸ್ ಐಪೀಸ್ ಇದ್ರೆ ಒಳ್ಳೇದು. ಷ್ಮಿಟ್ ಕ್ಯಾಸೆಗ್ರೇನ್, ಮ್ಯಾಕ್ಸುಟೋವಲ್ಲಿ ಮಾಡಲೇಬೇಡಿ. ಇನ್ನೂ ಒಂದು, ಬಿಂಬ ಬೀಳಿಸುವಾಗ ಐಪೀಸಿಂದ ಬರೋದು ಪೂರ್ತಿ ಬಿಸಿಲು, ಚಿಕ್ಕ ಮಗು ಬಗ್ಗಿ ಇಣುಕೋಕೆ ಒಂದು ಕ್ಷಣ ಸಾಕು. ಮಕ್ಕಳಿದ್ದ ಕಡೆ ನಾನು ಇದನ್ನ ಬಿಟ್ಟೇಬಿಟ್ಟಿದೀನಿ, ಹಾಳೆ ಹಾಕಿ ಸಾಲಲ್ಲಿ ನಿಲ್ಲಿಸಿ ಒಬ್ಬೊಬ್ಬರಿಗೇ ತೋರಿಸ್ತೀನಿ.

ಈಗ ಸೀಸ್ಟಾರ್ ಥರದ ಸ್ಮಾರ್ಟ್ ಟೆಲಿಸ್ಕೋಪ್ ಬಂದಿವೆ, ಫೋನಲ್ಲೇ ನೋಡೋದು, ಸೋಲಾರ್ ಫಿಲ್ಟರ್ ಜೊತೆಗೇ ಬರುತ್ತೆ, ಕಣ್ಣಿಗೆ ಅಪಾಯನೇ ಇಲ್ಲ. ಫಿಲ್ಟರ್ ಹಾಕೋದು ಮರೆತ್ರೆ ಹೋಗೋದು ಸೆನ್ಸರ್ ಅಷ್ಟೇ. ಮನೇಲಿ ವಯಸ್ಸಾದೋರು ಬಗ್ಗೋಕಾಗದೋರು ಇದ್ರೆ ಇದು ವರ.

ಐಪೀಸ್ ವಿಷಯ ಬೇಗ ಹೇಳ್ತೀನಿ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ, 700 ಎಂಎಂ ಟ್ಯೂಬಿಗೆ 20 ಎಂಎಂ ಐಪೀಸ್ ಹಾಕಿದ್ರೆ 35 ಪಟ್ಟು, ಪೂರ್ತಿ ಬಿಂಬ ಆರಾಮಾಗಿ ಕೂರುತ್ತೆ. 10 ಎಂಎಂ ಹಾಕಿದ್ರೆ 70 ಪಟ್ಟು, ಕಲೆಯ ಕಪ್ಪು ನಡುವು, ಸುತ್ತಲಿನ ಬೂದು ಅಂಚು ಬೇರೆ ಬೇರೆಯಾಗಿ ಕಾಣುತ್ತೆ. ಡಬ್ಬದ ಜೊತೆ ಬರೋ 4 ಎಂಎಂ ಹಗಲಲ್ಲಿ ಬೇಡ. ಬಾಡರ್‌ದೇ ಕಾಂಟಿನ್ಯುಯಮ್ ಅನ್ನೋ 540 ನ್ಯಾನೋಮೀಟರಿನ ಹಸಿರು ಫಿಲ್ಟರ್ ಐಪೀಸಿಗೆ ಹಾಕಿದ್ರೆ ಸ್ಪಷ್ಟತೆ ಹೆಚ್ಚುತ್ತೆ, ಆದ್ರೆ ಅದು ಬಾಯಲ್ಲಿ ಓಡಿ 5 ಹಾಳೆ ಇದ್ದಾಗ ಜೊತೆಗೆ ಮಾತ್ರ, ಅದೊಂದನ್ನೇ ಅಲ್ಲ. ದುಡ್ಡು ಮಿಕ್ಕಿದ್ರೆ ಗಟ್ಟಿ ಟ್ರೈಪಾಡಿಗೆ ಹಾಕಿ. ತಲೆ ಮೇಲೆ ಹೊದ್ದುಕೊಳ್ಳೋಕೆ ಒಂದು ಕಪ್ಪು ಬಟ್ಟೆ ಇಟ್ಕೊಳಿ, ಪಕ್ಕದ ಬಿಸಿಲು ಕಣ್ಣಿಗೆ ಹೊಡೀತಿದ್ರೆ ಸಣ್ಣ ಕಲೆ ಕಾಣೋದೇ ಇಲ್ಲ.

ಹೊತ್ತು, ಜಾಗ ಕೂಡ ಸಾಮಾನಿನಷ್ಟೇ ಮುಖ್ಯ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಒಳ್ಳೇದು, ಆಮೇಲೆ ಕಾಂಕ್ರೀಟ್ ತಾರಸಿ ಕಾಯೋಕೆ ಶುರುವಾಗಿ ಸೂರ್ಯನ ಅಂಚು ಕುದಿಯೋ ಹಾಲಿನ ಥರ ಅಲ್ಲಾಡುತ್ತೆ. ಹುಲ್ಲು, ನೀರು ಇರೋ ಕಡೆ ಗಾಳಿ ನಿಂತಿರುತ್ತೆ, ಕುಕ್ಕರಹಳ್ಳಿ ಕೆರೆ ಏರಿ ಕಡೆಯಿಂದ ನೋಡಿದ್ದಕ್ಕೂ ತಾರಸಿಯಿಂದ ನೋಡಿದ್ದಕ್ಕೂ ಒಂದೇ ಟೆಲಿಸ್ಕೋಪ್ ಅಂತ ನಂಬೋಕಾಗಲ್ಲ. ಏಪ್ರಿಲ್ 22-23ರ ಆಸುಪಾಸು ನಡುಮಧ್ಯಾಹ್ನ ಮೈಸೂರಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಆ ದಿನಗಳಲ್ಲಿ ಮಧ್ಯಾಹ್ನ ಟ್ಯೂಬನ್ನ ನೆಟ್ಟಗೆ ಮೇಲಕ್ಕೆ ನಿಲ್ಲಿಸೋ ಕಷ್ಟ ಬೇಡ, ಬೆಳಿಗ್ಗೆನೇ ಮುಗಿಸಿ.

2024ರ ಮೇ ತಿಂಗಳಲ್ಲಿ ಮಂಡ್ಯದ ಹತ್ರ ನಮ್ಮ ಸೋದರಮಾವನ ಗದ್ದೆಗೆ ಟೆಲಿಸ್ಕೋಪ್ ತಗೊಂಡು ಹೋಗಿದ್ದೆ, ವಿಶ್ವೇಶ್ವರಯ್ಯ ನಾಲೆ ನೀರು ಹರಿಯೋ ಕಡೆ. ಆಗ ಸೂರ್ಯನ ಮೇಲೆ 3664 ಅನ್ನೋ ನಂಬರಿನ ದೊಡ್ಡ ಕಲೆ ಗುಂಪು, ಭೂಮಿಗಳನ್ನ ಸಾಲಾಗಿ ಜೋಡಿಸಿದ್ರೆ 15ರಷ್ಟು ಉದ್ದ, ಅದೇ ವಾರ ಅಲ್ಲಿಂದೆದ್ದ ಸೌರ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು. ಮಾವ ಹೆಗಲ ಮೇಲಿನ ಟವಲ್ ತಲೆ ಮೇಲೆ ಹಾಕ್ಕೊಂಡು ಬಗ್ಗಿದ್ರು, ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಲೋ, ರೊಟ್ಟಿ ಮ್ಯಾಲೆ ಎಳ್ಳು ಚೆಲ್ದಂಗದೆ ಕನ್ಲಾ" ಅಂದ್ರು. ಮಾರನೇ ದಿನ ನಾನು ಕರೆಯೋಕೆ ಮುಂಚೆನೇ ಬಂದು ನಿಂತು, ನಿನ್ನೆ ಇಲ್ಲಿದ್ದಿದ್ದು ಇವತ್ತು ಪಕ್ಕಕ್ಕೆ ಸರಿದಿದೆ ಅಂತ ಅವರೇ ತೋರಿಸಿದ್ರು. ಸೂರ್ಯ ನಮ್ಮ ಕಣ್ಣಿಗೆ ಸುಮಾರು 27 ದಿನಕ್ಕೆ ಒಂದು ಸುತ್ತು ತಿರುಗ್ತಾನೆ, ಅದು ಯಾರೂ ಹೇಳಿಕೊಡದೇ ಅವರಿಗೆ ಕಂಡಿತ್ತು. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಸೂರ್ಯನ ಫೋಟೋ ತೆಗೀತಿರೋದೂ ಇದನ್ನೇ ಬೆನ್ನತ್ತಿ. ಅದಕ್ಕೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಬಟ್ಟಲು ಬೋರಲು ಹಾಕಿ ಎಳೆದ ವೃತ್ತಗಳು, ಇದನ್ನೂ ಸಾಮಾನಿನ ಪಟ್ಟೀಲಿ ಸೇರಿಸ್ಕೊಳಿ.

ತಗೊಳ್ಳೋದು ಯಾವಾಗ ಅಂದ್ರೆ ಗ್ರಹಣ ಹತ್ರ ಬರೋಕೆ ಮುಂಚೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಮುಂಚಿನ ವಾರ ಒಳ್ಳೇ ಹಾಳೆಗೆ ನಾನು ಎಷ್ಟು ಕಡೆ ಫೋನ್ ಮಾಡಿದ್ರೂ ಸಿಗಲಿಲ್ಲ, ಅದೇ ವಾರ ಬೀದೀಲಿ ಹೆಸರು ಗುರುತು ಯಾವುದೂ ಇಲ್ಲದ ಕಪ್ಪು ಹಾಳೆ ಮಾರ್ತಿದ್ರು. ಇನ್ನು 2027ರ ಆಗಸ್ಟ್ 2ಕ್ಕೆ ಈಜಿಪ್ಟ್, ಸೌದಿ ಕಡೆ ಪೂರ್ಣ ಗ್ರಹಣ, ನಮಗೆ ಮಧ್ಯಾಹ್ನ ಇಳಿದ ಮೇಲೆ ಪಾರ್ಶ್ವ ಗ್ರಹಣ. ಪಾರ್ಶ್ವ ಗ್ರಹಣ ಅಂದ್ರೆ ಶುರುವಿಂದ ಕೊನೇ ತನಕ ಒಂದು ಸೆಕೆಂಡೂ ಫಿಲ್ಟರ್ ತೆಗೆಯೋ ಹಾಗಿಲ್ಲ. ಮಳೆಗಾಲದ ಮೋಡ ಬಿಡುವು ಕೊಟ್ರೆ ಪಶ್ಚಿಮಕ್ಕೆ ತೆರೆದಿರೋ ಜಾಗ ಬೇಕು, ನಮ್ಮ ತಾರಸೀಲಿ ಆ ಕಡೆ ನೀರಿನ ಟ್ಯಾಂಕು ಅಡ್ಡ, ಅದಕ್ಕೆ ಹೊಸ ಹಾಳೆ ಅಂಟಿಸಿ, ಬಲ್ಬಿಗೆ ಹಿಡಿದು ನೋಡಿ, ಟೇಪ್ ಸುರುಳಿ ಜೊತೆಗಿಟ್ಕೊಂಡು ನಾನು ಮಾವನ ಗದ್ದೆಗೇ ಹೋಗ್ತೀನಿ.